ಕೂನೂರಿನ ಅಜೇಲಿಯಾಕ್ಕೆ ಕೆ.ಆರ್. ಪುರದ ಸುಣ್ಣ

ಬೆಂಗಳೂರಿನಲ್ಲಿ ನನ್ನನ್ನು ಮೊಟ್ಟಮೊದಲು ಮಾತನಾಡಿಸಿದ ಮನುಷ್ಯ ಕೇಳಿದ್ದು, "ಒಂದು ಪಾಟ್ ಎಷ್ಟಮ್ಮಾ?"

ಆತನ ತಪ್ಪೇನೂ ಇಲ್ಲ. ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನ ಪಕ್ಕದ ಫುಟ್‌ಪಾತಿನ ಮೇಲೆ ಐದು ಮಣ್ಣಿನ ಕುಂಡ, ಒಂದು ಬಿಸ್ಕತ್ತಿನ ತಗಡಿನ ಡಬ್ಬ, ಆರರಲ್ಲೂ ಗಿಡ. ಅವುಗಳ ಹಿಂದೆ ಮಡಿಸುವ ಸ್ಟೂಲಿನ ಮೇಲೆ ಸ್ವೆಟರ್ ಹಾಕಿಕೊಂಡ ಎಪ್ಪತ್ತೊಂದು ವರ್ಷದ ಮುದುಕಿ. ಯಾರಾದರೂ ಹಾಗೇ ತಿಳಿಯುತ್ತಾರೆ. ಕೂನೂರಿನಿಂದ ಸಾಮಾನು ತಂದ ವ್ಯಾನು ನಮ್ಮ ಬೀದಿಯೊಳಗೆ ಹೋಗುವಂತಿರಲಿಲ್ಲ, ಪೈಪು ಹಾಕಲು ಅಗೆದುಬಿಟ್ಟಿದ್ದರು. ಅಕ್ಕನ ಮಗಳು ಶೀಲಾ ನನ್ನನ್ನೂ ಗಿಡಗಳನ್ನೂ ಅಲ್ಲಿ ಇಳಿಸಿ, "ಚಿಕ್ಕಮ್ಮ, ಇಲ್ಲಿಂದ ಅಲ್ಲಾಡ್ಬೇಡಿ, ಆಟೋ ತರ್ತೀನಿ" ಎಂದು ಹೋದಳು. ತಲೆಯ ಮೇಲೆ ಫ್ಲೈಓವರು, ಅದರಾಚೆ ಮೆಟ್ರೋ, ಮುಂದೆ ಒಂದಕ್ಕೊಂದು ಉಜ್ಜಿಕೊಂಡು ನಿಂತ ಬಸ್ಸುಗಳು. ಟಿನ್ನೂ ಇಲ್ಲ, ಫ್ಯಾಕ್ಟರಿಯೂ ಇಲ್ಲ. ಇಪ್ಪತ್ತು ನಿಮಿಷದಲ್ಲಿ ಮೂರು ಜನ ರೇಟು ಕೇಳಿದರು, ಒಬ್ಬರು ಕನ್ನಡದಲ್ಲಿ, ಒಬ್ಬರು ತಮಿಳಿನಲ್ಲಿ, ಒಬ್ಬರು ಹಿಂದಿಯಲ್ಲಿ. ಮಾರಾಟಕ್ಕಲ್ಲ ಎಂದಾಗ ಕನ್ನಡದವನಿಗೆ ಸಿಟ್ಟೇ ಬಂತು.

"ಮತ್ತೆ ರೋಡಲ್ಲಿ ಯಾಕಮ್ಮಾ ಇಟ್ಕೊಂಡು ಕೂತಿದೀರಾ? ತೋರ್ಸೋಕಾ?"

ಇದು ಹೋದ ವರ್ಷದ ಜನವರಿಯ ಮಾತು. ನೀಲಗಿರಿಯ ನಮ್ಮ ಕನ್ನಡ ಮನೆಗಳ ಸಂಘದ ಈ ವರ್ಷದ ಸಂಚಿಕೆಗೆ, "ಬೆಂಗಳೂರು ಹೇಗಿದೆ ಅಂತ ಬರೀರಿ ಟೀಚರ್" ಎಂದು ಕೇಳಿದ್ದೀರಿ. ಬೆಂಗಳೂರು ಹೇಗಿದೆ ಎಂದು ನನಗೆ ಗೊತ್ತಿಲ್ಲ. ಕೆ.ಆರ್. ಪುರದ ಒಂದು ಟೆರೇಸು ಹೇಗಿದೆ ಎಂದು ಗೊತ್ತು. ಅಷ್ಟನ್ನು ಬರೆಯುತ್ತೇನೆ. ಓದಿ ಸಂತೋಷವಾಗುವುದಿಲ್ಲ, ಮುಂಚೆಯೇ ಸಾರಿ.

ನಾನು ಯಾಕೆ ಬಂದೆ ಎನ್ನುವುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಗೊತ್ತಿಲ್ಲದವರಿಗೆ: ನಾನೂ ಥೆಲ್ಮಾಳೂ ಒಂದೇ ಕಾನ್ವೆಂಟಿನಲ್ಲಿ ಓದಿದವರು, ಆಮೇಲೆ ಅಲ್ಲಿಯೇ ಪಾಠ ಹೇಳಿದವರು. ನಾನು ಕನ್ನಡದವಳಾದರೂ ಹೇಳಿಕೊಟ್ಟದ್ದು ಇಂಗ್ಲಿಷು, ಅವಳು ಬಾಟನಿ. ಮೂವತ್ತನಾಲ್ಕು ವರ್ಷ ಒಂದೇ ಬಾಡಿಗೆ ಕಾಟೇಜಿನಲ್ಲಿ ಇದ್ದೆವು. ಇಬ್ಬರೂ ಮದುವೆಯಾಗಲಿಲ್ಲ, ಯಾರೂ ನಮ್ಮನ್ನು ಬಲವಂತವಾಗಿ ಕೇಳಲೂ ಇಲ್ಲ. ನಾನು ಇಲ್ಲಿಗೆ ಬರುವ ಹಿಂದಿನ ಮಳೆಗಾಲದಲ್ಲಿ ಥೆಲ್ಮಾ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಅದೇ ಹೊತ್ತಿಗೆ ಕಾಟೇಜಿನ ಓನರು ಅದನ್ನು ರೆಸಾರ್ಟಿನವರಿಗೆ ಕೊಟ್ಟರು. ಸಿಸ್ಟರ್‌ಗಳು ನಡೆಸುವ ವೃದ್ಧಾಶ್ರಮದಲ್ಲಿ ಖಾಲಿ ಇದ್ದದ್ದು ಒಂದೇ ಬೆಡ್. ಅದೂ ನಡೆಯಲಾಗದವರಿಗೆ. ನಾನು ನಡೆಯುತ್ತಿದ್ದೆ. ಕಾಲು ಗಟ್ಟಿಯಿದ್ದದ್ದೇ ನನ್ನ ತಪ್ಪಾಯಿತು.

ಥೆಲ್ಮಾ ಕೆ.ಜಿ.ಎಫ್‌ನಲ್ಲಿ ಹುಟ್ಟಿದವಳು. ಇಂಗ್ಲಿಷು, ಕನ್ನಡ, ತಮಿಳು ಮೂರನ್ನೂ ಒಂದೇ ವಾಕ್ಯದೊಳಗೆ ತುರುಕುತ್ತಾಳೆ. ಅವಳ ಇಡೀ ಜನ್ಮದ ಸಂಪತ್ತು ಎಂದರೆ ಒಂದು ಅಜೇಲಿಯಾ. ಬೆಟ್ಟದ ಮೇಲಿರುವ ನಿಮಗೆ ಅಜೇಲಿಯಾ ಏನೆಂದು ಹೇಳಬೇಕಾಗಿಲ್ಲ. ಫೆಬ್ರವರಿ ಮಾರ್ಚಿನಲ್ಲಿ ಪ್ರತಿ ಬಂಗಲೆಯ ಮುಂದೆ ಎದೆಯೆತ್ತರ ಹೂ ಬಿಟ್ಟು, ಏಪ್ರಿಲ್ ಮುಗಿಯುವುದರೊಳಗೆ ಅಂಗಡಿ ಮುಚ್ಚಿಕೊಳ್ಳುವ ಗಿಡ. ನಮ್ಮದು ಹಾಗಲ್ಲ. ಮೊಣಕಾಲಿಗಿಂತ ಕೆಳಗೆ, ದಿಂಬಿನಂತೆ ದುಂಡಗೆ ಬೆಳೆಯುತ್ತದೆ. ಎಲೆ ಹೆಬ್ಬೆರಳ ಉಗುರಿನಷ್ಟು, ವರ್ಷವಿಡೀ ಹಸಿರು. ಮಿಕ್ಕವೆಲ್ಲ ಮುಗಿಸಿ ಕೂತ ಮೇಲೆ, ಜೂನ್ ಮಳೆ ಹಿಡಿಯುವಾಗ, ಇದು ಹೂ ಬಿಡುತ್ತದೆ. ಬೇಯಿಸಿದ ಸಿಗಡಿಯ ಬಣ್ಣ, ನಡುವೆ ಐದು ಉದ್ದನೆಯ ಕೇಸರ. ಥೆಲ್ಮಾ ತಾನೇ ಬೀಜ ಹಾಕಿ ಎಬ್ಬಿಸಿದ್ದು. ಯಾವ ನರ್ಸರಿಯಲ್ಲೂ ಇಲ್ಲ. ಇಬ್ಬರೂ ಟೀಚರುಗಳಾದ್ದರಿಂದ ಅದಕ್ಕೆ ಲೇಟ್ ಕಮರ್ ಎಂದು ಹೆಸರಿಟ್ಟಿದ್ದೆವು. ರೆಸಾರ್ಟಿನವರು ತೋಟಕ್ಕೆ ಕಲ್ಲು ಹಾಸುತ್ತಾರೆ ಎಂದು ತಿಳಿದ ದಿನ ಥೆಲ್ಮಾ ವೀಲ್‌ಚೇರಿನಲ್ಲಿ ಕೂತೇ ಆರು ಗಿಡ ಎತ್ತಿಸಿದಳು. ಆಶ್ರಮದಲ್ಲಿ ಸ್ವಂತ ಸಾಮಾನಿಗೆ ಒಂದು ಟ್ರಂಕಿನಷ್ಟು ಜಾಗ. ಹಾಗಾಗಿ ಗಿಡಗಳು ನನ್ನ ಜೊತೆ ಬಂದವು.

"ನನ್ನ ನೋಡ್ಕೋ ಅಂತ ಹೇಳಲ್ಲ ಸುಗು, ನಿನ್ ಕೈಲಾಗಲ್ಲ. ಇದನ್ನ ನೋಡ್ಕೋ" ಎಂದಳು.

ಅಲ್ಲಿ ಮನೆಯೆಂದರೆ ಮೂರು ಮೆಟ್ಟಿಲು ಹತ್ತಿ ಒಳಗೆ ಹೋಗುವುದು. ಇಲ್ಲಿ ಮನೆಯೆಂದರೆ ಎರಡನೇ ಫ್ಲೋರು. ಕೆಳಗೆ ಓನರು, ನಡುವೆ ನಾಲ್ಕು ಬಾಡಿಗೆ ಮನೆ, ಮೇಲೆ ನಮ್ಮ ಎರಡು ರೂಮು, ಅದರ ಮೇಲೆ ನೀರಿನ ಟ್ಯಾಂಕಿರುವ ಟೆರೇಸು. ಶೀಲಾ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಶಿಫ್ಟ್ ಮಾಡುತ್ತಾಳೆ. ಒಳ್ಳೆಯ ಹುಡುಗಿ, ಆದರೆ ನಾನು ಎದ್ದಾಗ ಅವಳು ಮಲಗಿರುತ್ತಾಳೆ, ಅವಳು ಎದ್ದಾಗ ನಾನು. ಅಲ್ಲಿ ಗೋಡೆಯಾಚೆ ಯಾರಾದರೂ ಕೆಮ್ಮಿದರೆ ಯಾರೆಂದು ಗೊತ್ತಾಗುತ್ತಿತ್ತು. ಇಲ್ಲಿ ಪಕ್ಕದ ಕಟ್ಟಡದ ಕಿಟಕಿ ಕೈಗೆಟುಕುವಷ್ಟು ಹತ್ತಿರ; ಒಳಗೆ ಯಾರಿದ್ದಾರೆಂದು ಹದಿನೈದು ತಿಂಗಳಾದರೂ ಗೊತ್ತಿಲ್ಲ. ಅವರ ಮಿಕ್ಸಿಯ ದನಿ ಮಾತ್ರ ಗೊತ್ತು.

ಭಾಷೆಯದ್ದು ಇನ್ನೊಂದು ತಮಾಷೆ. ಅಲ್ಲಿ ನಾವು ಒಂದಿಷ್ಟು ಕನ್ನಡದ ಮನೆಯವರು ಕ್ರಿಸ್ಮಸ್ಸಿಗೂ ಯುಗಾದಿಗೂ ಸೇರಿ, ಉಪ್ಪಿನಕಾಯಿ ಜಾಡಿಯ ಹಾಗೆ ಭಾಷೆಯನ್ನು ಬಟ್ಟೆ ಕಟ್ಟಿ ಕಾಪಾಡಿಕೊಂಡು ಬಂದೆವಲ್ಲ. ಬೆಂಗಳೂರಿಗೆ ಹೋದರೆ ಬೀದಿ ತುಂಬ ಕನ್ನಡ ಎಂದುಕೊಂಡಿದ್ದೆ. ಹಲಸೂರಿನಲ್ಲಿ ಚರ್ಚಿನ ಪಕ್ಕದ ಅಂಗಡಿಯವನು ತಮಿಳಿನಲ್ಲಿ ಮಾತಾಡಿದ. ಶಿವಾಜಿನಗರದಲ್ಲಿ ಮಾಂಸದವನು "ಕ್ಯಾ ಹೋನಾ ಅಮ್ಮಾ" ಎಂದ. ಇಂದಿರಾನಗರದಲ್ಲಿ ಹುಡುಗಿಯೊಬ್ಬಳು ಇಂಗ್ಲಿಷಿನಲ್ಲಿ ಮಾತಾಡಿ, ನನ್ನ ಇಂಗ್ಲಿಷ್ ಕೇಳಿ, "ಸೋ ಕ್ಯೂಟ್" ಎಂದಳು. ಅಲ್ಲಿ ನನ್ನನ್ನು ಮೈಸೂರಿನವರು ಎನ್ನುತ್ತಿದ್ದರು. ಇಲ್ಲಿ ಬೀದಿಯವರೆಲ್ಲ ಊಟಿ ಆಂಟಿ ಎನ್ನುತ್ತಾರೆ. ನಾನು ಊಟಿಯವಳಲ್ಲ, ಕೂನೂರಿನವಳು ಎಂದು ತಿದ್ದುವುದನ್ನು ಬಿಟ್ಟಿದ್ದೇನೆ.

ಕನ್ನಡ ಸಿಕ್ಕಿದ್ದು ಕೆಳಗಿನ ಮನೆಯಲ್ಲಿ. ಓನರು ಮುನಿರತ್ನಮ್ಮ. ನನಗಿಂತ ಐದಾರು ವರ್ಷ ಚಿಕ್ಕವರು, ಈ ಊರು ಹಳ್ಳಿಯಾಗಿದ್ದಾಗಿನಿಂದ ಇಲ್ಲಿಯವರು. ಕಟ್ಟಡ ನಿಂತಿರುವ ಜಾಗ ಅವರ ಮಾವನವರ ಕನಕಾಂಬರದ ಹೊಲವಂತೆ. ಮದುವೆಯಾಗಿ ಬಂದಾಗಿನಿಂದ ಇಲ್ಲಿಯೇ ಹೂ ಬಿಡಿಸಿ, ಕಟ್ಟಿ, ಬಸ್ಸಿನಲ್ಲಿ ಪೇಟೆಗೆ ಒಯ್ದವರು. ಮೊದಲ ದಿನವೇ ಟೆರೇಸಿಗೆ ಬಂದು ಸೊಂಟಕ್ಕೆ ಕೈಯಿಟ್ಟು ನನ್ನ ಆರು ಗಿಡಗಳ ಮುಂದೆ ನಿಂತರು.

"ಇದು ದೇವರಿಗೆ ಆಗುತ್ತಾ ಟೀಚರಮ್ಮ?"

"ಇಲ್ಲ."

"ಮುಡಿಯೋಕೆ?"

"ಬಾಡಿಹೋಗುತ್ತೆ."

"ವಾಸನೆ?"

"ಇಲ್ಲ."

"ಮತ್ತೆ ಇಷ್ಟು ದೂರದಿಂದ ಯಾಕ್ ಹೊತ್ಕೊಂಡ್ ಬಂದ್ರಿ?" ಎಂದು ನಕ್ಕರು. ನಗುವುದು ನಿಂತ ಮೇಲೆ, "ಇರ್ಲಿ ಬಿಡಿ, ಪಾಪ, ಜೀವ ಅಲ್ವಾ. ನಾನೂ ನೀರು ಹಾಕ್ತೀನಿ" ಎಂದರು.

ಅವರೇ ನನಗೆ ಮುದ್ದೆ ನುಂಗಲು ಕಲಿಸಿದ್ದು. ಕಾನ್ವೆಂಟಿನಲ್ಲಿ ಒಂದು ತುತ್ತಿಗೆ ಮೂವತ್ತೆರಡು ಸಲ ಅಗಿಯಬೇಕೆಂದು ಕಲಿಸಿದ್ದರು. ಇವರು ಬಸ್ಸಾರಿನಲ್ಲಿ ಅದ್ದಿದ ಮುದ್ದೆ ಕೈಗಿಟ್ಟು, "ಹಲ್ಲಿಗೆ ತಾಕಿಸ್ಬೇಡಿ, ಜಾರಿಸ್ಬಿಡಿ" ಎಂದರು. ಮೂರನೇ ಸಲಕ್ಕೆ ಜಾರಿತು. ಇಲ್ಲಿ ನಾನು ಗೆದ್ದದ್ದು ಎಂದರೆ ಅದೊಂದೇ ಇರಬೇಕು.

ನೀರು ಮೊದಲ ವಾರವೇ ನನ್ನನ್ನು ಹೆದರಿಸಿತು. ಅಲ್ಲಿನ ನೀರಿನಲ್ಲಿ ಬಟ್ಟೆ ತೊಳೆದರೆ ನೊರೆ ಹೋಗುವುದೇ ಇಲ್ಲ. ಇಲ್ಲಿ ನೊರೆಯೇ ಬರುವುದಿಲ್ಲ. ಬೋರ್‌ವೆಲ್ಲಿನ ಗಡಸು ನೀರು. ಕೆಟಲಿನ ಒಳಗೆ ಹದಿನೈದು ದಿನಕ್ಕೆ ಬಿಳಿ ಪದರ ಕಟ್ಟಿತು. ಅಜೇಲಿಯಾ ಹುಳಿಮಣ್ಣಿನ ಗಿಡ. ಸುಣ್ಣದ ಅಂಶ ಅದಕ್ಕೆ ವಿಷ. ಥೆಲ್ಮಾ ಬೂದಿಯನ್ನು ಸಹ ಅದರ ಹತ್ತಿರ ಬಿಡುತ್ತಿರಲಿಲ್ಲ, ಸೈಪ್ರೆಸ್ ಮರದ ಕೆಳಗಿನ ಕೊಳೆತ ಎಲೆಯಲ್ಲೇ ಬೆಳೆಸಿದಳು. ನಾನು ಎ.ಸಿ.ಯಿಂದ ತೊಟ್ಟಿಕ್ಕುವ, ಸುಣ್ಣವಿಲ್ಲದ ನೀರನ್ನು ಬಕೆಟ್ಟಿನಲ್ಲಿ ಹಿಡಿಯಲು ಶುರುಮಾಡಿದೆ. ಕೆಳಗಿನ ಬಾಡಿಗೆ ಮನೆಯವರ ಬಾಗಿಲು ತಟ್ಟಿ, "ಎಕ್ಸ್‌ಕ್ಯೂಸ್ ಮಿ, ನಿಮ್ಮ ಎ.ಸಿ. ನೀರು ಬೇಕಿತ್ತು" ಎಂದು ಕೇಳುವ ಮುದುಕಿ ಈ ಬೀದಿಗೆ ಹೊಸಬಳು. ಕೊಟ್ಟರು. ಫೆಬ್ರವರಿ ಕಳೆಯಿತು. ಗಿಡಗಳು ಹಸಿರಾಗಿಯೇ ಇದ್ದವು. ಪ್ರತಿ ಭಾನುವಾರ ನಾಲ್ಕು ಗಂಟೆಗೆ ಆಶ್ರಮದ ಆಫೀಸಿನ ಫೋನಿನಿಂದ ಥೆಲ್ಮಾ ಮಾತಾಡುತ್ತಿದ್ದಳು. ಮೆಟ್ಟಿಲ ಮೇಲೆ, ಸಿಗ್ನಲ್ ಚೆನ್ನಾಗಿ ಸಿಗುವ ತಿರುವಿನಲ್ಲಿ ಕೂತು ನಾನು ವರದಿ ಒಪ್ಪಿಸುತ್ತಿದ್ದೆ.

ಯುಗಾದಿಗೆ ಮುಂಚೆ ನನಗೆ ಜ್ವರ ಬಂತು. ಹತ್ತು ದಿನ ಶೀಲಾ ಮೆಟ್ಟಿಲು ಹತ್ತಲು ಬಿಡಲಿಲ್ಲ. ಮುನಿರತ್ನಮ್ಮ ಎರಡು ಹೊತ್ತೂ ಗಂಜಿ ತಂದುಕೊಟ್ಟು, "ಗಿಡದ ಯೋಚ್ನೆ ಬಿಡಿ, ನಾನಿಲ್ವಾ" ಎಂದರು. ಹಬ್ಬದ ದಿನ ಅವರೇ ಕೈ ಹಿಡಿದು ಮೇಲೆ ಕರೆದುಕೊಂಡು ಹೋದರು. ಮುಖದಲ್ಲಿ ಸಂಭ್ರಮ.

"ನೋಡಿ ಈಗ!"

ಟೆರೇಸಿನ ಗೋಡೆಗೆ ಹೊಸ ಸುಣ್ಣ. ನನ್ನ ಐದೂ ಕುಂಡಗಳಿಗೆ ಕೆಮ್ಮಣ್ಣು ಬಳಿದು, ಮೇಲಂಚಿಗೆ ದಪ್ಪ ಸುಣ್ಣದ ಪಟ್ಟೆ, ಪಟ್ಟೆಯ ಕೆಳಗೆ ಬೆರಳಿನಿಂದ ಒತ್ತಿದ ಬಿಳಿ ಚುಕ್ಕೆಗಳು. ಹಬ್ಬಕ್ಕೆ ಈ ಕಡೆಯ ಮನೆಗಳಲ್ಲಿ ತುಳಸಿ ಕಟ್ಟೆಗೆ, ತೆಂಗಿನ ಮರಕ್ಕೆ, ಕುಂಡಗಳಿಗೆ ಹೀಗೆ ಮಾಡುತ್ತಾರೆ. ಬಹಳ ಚೆಲುವಾಗಿ ಕಾಣುತ್ತಿದ್ದವು. ಹತ್ತಿರ ಹೋಗಿ ನೋಡಿದೆ. ಗಿಡದ ಬುಡದಲ್ಲಿ, ಮಣ್ಣಿನ ಮೇಲೆ ಬಿಳಿ ಪುಡಿ.

"ಇರುವೆ ಹತ್ತಿತ್ತು ಟೀಚರಮ್ಮ. ಒಂದೊಂದು ಹಿಡಿ ಸುಣ್ಣ ಹಾಕಿ ಕೆದಕಿ ನೀರು ಬಿಟ್ಟೆ. ಒಲೆ ಬೂದೀನೂ ಹಾಕಿದೀನಿ. ಇನ್ನು ನೋಡಿ ಹೆಂಗ್ ಬರುತ್ತೆ ಅಂತ!"

ಸ್ಕೂಲಿನಲ್ಲಿ ಎಷ್ಟೋ ಮಕ್ಕಳನ್ನು ಬೈದವಳು ನಾನು. ಬಾಯಿ ತೆರೆದೆ. ಅವರ ಉಗುರುಗಳ ಸಂದಿಯಲ್ಲಿ ಇನ್ನೂ ಸುಣ್ಣ ಇತ್ತು. ಹತ್ತು ದಿನ ಗಂಜಿ ತಂದ ಕೈ ಅದು.

"ಥ್ಯಾಂಕ್ಯೂ" ಎಂದೆ.

ಬಿಸ್ಕತ್ ಡಬ್ಬ ಒಂದಕ್ಕೆ ಮಾತ್ರ ಏನೂ ಮಾಡಿರಲಿಲ್ಲ. ತುಕ್ಕು ಹಿಡಿದ ತಗಡಿಗೆ ಬಣ್ಣ ಯಾಕೆ ದಂಡ ಎಂದು ಟ್ಯಾಂಕಿನ ನೆರಳಿಗೆ ತಳ್ಳಿದ್ದರು.

ಆಮೇಲಿನ ಎರಡು ತಿಂಗಳನ್ನು ಉದ್ದಕ್ಕೆ ಬರೆಯುವುದಿಲ್ಲ. ಅವರು ಕಾಣದ ಹೊತ್ತಿನಲ್ಲಿ ಮೇಲಿನ ಮಣ್ಣು ಕೆರೆದು ತೆಗೆದೆ. ನರ್ಸರಿಯಿಂದ ತೆಂಗಿನ ನಾರಿನ ಪುಡಿ ತಂದು ಎರಡು ಗಿಡಗಳ ಮಣ್ಣನ್ನೇ ಬದಲಾಯಿಸಿದೆ. ಏಪ್ರಿಲ್ ಬಿಸಿಲಲ್ಲಿ ಬೇರು ಕದಲಿಸಿದ್ದಕ್ಕೆ ಆ ಎರಡು ಮೊದಲು ಹೋದವು. ಉಳಿದವು ನಿಧಾನವಾಗಿ. ಮೊದಲು ಎಲೆ ಹಳದಿಯಾಗುತ್ತದೆ, ನರಗಳು ಮಾತ್ರ ಹಸಿರಾಗಿಯೇ ಉಳಿಯುತ್ತವೆ. ವಯಸ್ಸಾದ ಕೈ ನೋಡಿಕೊಂಡ ಹಾಗೆ. ಅಲ್ಲಿ ಮೇ ತಿಂಗಳೆಂದರೆ ಮಂಜು ಏರಿ ಬರುವ ಸಂಜೆಗಳು. ಇಲ್ಲಿ ಟೆರೇಸಿನ ಸಿಮೆಂಟು ಚಪ್ಪಲಿಯ ಒಳಗಿನಿಂದ ಸುಡುತ್ತದೆ. ಮೇ ಮುಗಿಯುವುದರೊಳಗೆ ಐದೂ ಕುಂಡಗಳಲ್ಲಿ ಕಡ್ಡಿ. ಡಬ್ಬದ್ದು ಎಲೆ ಅರ್ಧ ಉದುರಿಸಿಕೊಂಡು ಉಸಿರು ಹಿಡಿದಿತ್ತು.

ಜೂನಿನ ಮೊದಲ ಭಾನುವಾರ ಥೆಲ್ಮಾ ಕೇಳಿದಳು. "ಸುಗು, ವಾಟ್ ಎಬೌಟ್ ಅವರ್ ಲೇಟ್ ಕಮರ್? ಮೊಗ್ಗು ಬಂತಾ? ಟೆಲ್ ಮಿ ಪ್ರಾಪರ್ಲಿ."

"ಬಂದಿದೆ" ಎಂದೆ.

ಯಾಕೆ ಹಾಗೆಂದೆನೋ. ಸೊಂಟಕ್ಕೆ ಎರಡನೇ ಆಪರೇಷನ್ ಆಗಿ ಅವಳು ಎದ್ದು ಕೂತ ಮೊದಲ ವಾರ ಅದು. ದನಿ ಸಣ್ಣದಾಗಿತ್ತು. ಅದು ನೆಪವಲ್ಲ ಎಂದು ಹೇಳಲಾರೆ.

"ಹೌ ಮೆನಿ?"

"ಹನ್ನೊಂದು."

"ಹನ್ನೊಂದಾ! ಪರವಾಗಿಲ್ವೇ ನಿನ್ ಬ್ಯಾಂಗಲೋರು!"

ಆಮೇಲೆ ಪ್ರತಿ ಭಾನುವಾರ ಆ ಹನ್ನೊಂದು ಮೊಗ್ಗುಗಳನ್ನು ನಾನು ಅರಳಿಸಬೇಕಾಯಿತು. ಮೊದಲನೆಯದು ಅರಳಿತು ಎಂದೆ. ಮಳೆಯ ಹನಿ ಬಿದ್ದು ಎಸಳಿಗೆ ಕಲೆಯಾಯಿತು ಎಂದೆ. ಮುನಿರತ್ನಮ್ಮ ಒಂದು ಹೂ ಕಿತ್ತು ದೇವರಿಗಿಟ್ಟರು ಎಂದಾಗ ಥೆಲ್ಮಾ ಕೆಮ್ಮುವಷ್ಟು ನಕ್ಕಳು. ಜುಲೈಯಲ್ಲಿ, "ಹೂ ಮುಗಿದ ಕೂಡಲೇ ಕೊಂಬೆ ತುದಿ ಕತ್ತರಿಸಿದೆಯಾ? ತಡ ಮಾಡಿದ್ರೆ ಮುಂದಿನ ವರ್ಷದ ಮೊಗ್ಗೇ ಕತ್ತರಿಸಿದ ಹಾಗೆ, ಸಿಲ್ಲಿ ಗರ್ಲ್, ನೆನಪಿದೆಯಲ್ಲ?" ಎಂದಳು. ಕತ್ತರಿಸಿದೆ ಎಂದೆ. ಆ ಮಾತು ಹೇಳಲು ಮೆಟ್ಟಿಲ ತಿರುವು ಸಾಲದೆ, ಯಾರಿಗೂ ಕೇಳಿಸದ ಹಾಗೆ ಟೆರೇಸಿಗೆ ಹೋಗಿದ್ದೆ.

ಕ್ರಿಸ್ಮಸ್ಸಿಗೆ ಅವಳು ಒಂದೇ ಒಂದು ಉಡುಗೊರೆ ಕೇಳಿದಳು. "ಜೂನ್ ಹೂ ಒಂದಾದ್ರೂ ಪುಸ್ತಕದಲ್ಲಿ ಒತ್ತಿ ಇಟ್ಟಿರ್ತೀಯ. ನಿನ್ನ ಬುದ್ಧಿ ನನಗೆ ಗೊತ್ತು. ಪೋಸ್ಟ್ ಮಾಡು."

ಮೂವತ್ತನಾಲ್ಕು ವರ್ಷ ಪ್ರತಿ ಜೂನಿನಲ್ಲೂ ನಾನು ಒತ್ತಿಡುತ್ತಿದ್ದೆ, ನಿಜ. ಆ ಪುಸ್ತಕಗಳನ್ನು ಬರುವಾಗ ಸ್ಕೂಲಿನ ಲೈಬ್ರರಿಗೆ ಕೊಟ್ಟು ಬಂದಿದ್ದೆ. ಇಂದಿರಾನಗರದ ಹೂವಿನಂಗಡಿಯೊಂದರ ಗಾಜಿನ ಹಿಂದೆ ಅಜೇಲಿಯಾ ಇಟ್ಟಿರುವುದನ್ನು ಮೆಟ್ರೋದಿಂದಿಳಿದು ನಡೆಯುವಾಗ ಎಂದೋ ಕಂಡಿದ್ದೆ. ಹೋದೆ. ಬಣ್ಣ ಹೆಚ್ಚು ಕಡಿಮೆ ಅದೇ. ಫೋನು ನೋಡುತ್ತಿದ್ದ ಹುಡುಗಿ, "ಗಿಫ್ಟ್ ರ್‍ಯಾಪ್ ಬೇಕಾ ಆಂಟಿ?" ಎಂದಳು. ಬೇಡ ಎಂದೆ. ಮನೆಗೆ ತಂದು ಎರಡು ಹೂ ಕಿತ್ತು ನಿಘಂಟಿನಡಿ ಒತ್ತಿ, ಹತ್ತು ದಿನ ಬಿಟ್ಟು ಚೆನ್ನಾಗಿರುವುದನ್ನು ಕಳಿಸಿದೆ. ಗಿಡವನ್ನು ಶೀಲಾಳ ಲ್ಯಾಬಿಗೆ ಕೊಟ್ಟೆ. ಅದರ ಮುಖ ನೋಡಲಾಗುತ್ತಿರಲಿಲ್ಲ.

ಜನವರಿಯ ಎರಡನೇ ಭಾನುವಾರ ಫೋನು ನಾಲ್ಕಕ್ಕಿಂತ ಮೊದಲೇ ಬಂತು.

"ಸುಗು, ಕನ್ನಡಕ ಹಾಕ್ಕೊಂಡು ನೋಡಿದೆ. ಸಿಸ್ಟರ್ ಕೈಲೂ ನೋಡಿಸ್ದೆ. ನಮ್ಮ ಹೂವಿಗೆ ಐದು ಕೇಸರ. ಇದರಲ್ಲಿ ಒಂದೂ ಇಲ್ಲ. ಬರೀ ಎಸಳ ಮೇಲೆ ಎಸಳು. ಇದು ಯಾವ ಅಂಗಡೀದು?"

"ಥೆಲ್ಮಾ..."

"ನಮ್ಮ ಗಿಡ ಸತ್ತಿದ್ದು ಯಾವಾಗ?"

"ಮೇ ತಿಂಗಳಲ್ಲಿ. ಐದು ಹೋದವು. ಒಂದಿದೆ."

"ಹಂಗಾದ್ರೆ ಆ ಹನ್ನೊಂದು ಮೊಗ್ಗು?"

ಕೆಳಗಿನ ಮನೆಯ ಕುಕ್ಕರ್ ಕೂಗಿತು.

"ನಾನಿಲ್ಲಿ ಎಲ್ಲರ ಹತ್ರಾನೂ ಹೇಳ್ದೆ. ಪಕ್ಕದ ಬೆಡ್ಡಿನವಳು ದಿನಾ ಕೇಳೋಳು, ಇವತ್ತೆಷ್ಟು ಅರಳಿರ್ಬೇಕು ಥೆಲ್ಮಾ ಅಂತ. ಇಡೀ ಜೂನ್ ನಾನು ಕಣ್ಣು ಮುಚ್ಚಿ ಆ ಹೂ ನೋಡ್ದೆ, ಸುಗು. ಸತ್ತೋಯ್ತು ಅಂದಿದ್ರೆ ಅತ್ತು ಸುಮ್ಮನಾಗ್ತಿದ್ದೆ. ಈಗ ಆ ಜೂನ್‌ನ ಏನ್ ಮಾಡ್ಲಿ? ಹೇಳು."

ಫೋನನ್ನು ಸಿಸ್ಟರ್ ತೆಗೆದುಕೊಂಡು, "ಅವರಿಗೆ ಆಯಾಸವಾಗಿದೆ ಮಿಸ್" ಎಂದರು. ಮುಂದಿನ ಭಾನುವಾರ ನಾನೇ ಮಾಡಿದೆ. ಮಲಗಿದ್ದಾರೆ ಎಂದರು. ಅದರ ಮುಂದಿನ ಭಾನುವಾರ ಸ್ನಾನಕ್ಕೆ ಹೋಗಿದ್ದಾರೆ ಎಂದರು. ಸಂಜೆ ನಾಲ್ಕಕ್ಕೆ ಆಶ್ರಮದಲ್ಲಿ ಯಾರಿಗೂ ಸ್ನಾನ ಮಾಡಿಸುವುದಿಲ್ಲ. ಸಿಸ್ಟರಿಗೆ ಸುಳ್ಳು ಹೇಳಲು ಬರುವುದಿಲ್ಲ, ನನ್ನಷ್ಟು.

ಮುನಿರತ್ನಮ್ಮನ ಕಣ್ಣಿಗೆ ಏನೂ ತಪ್ಪುವುದಿಲ್ಲ. ಒಂದು ದಿನ ಮೆಟ್ಟಿಲಲ್ಲಿ ಹಿಡಿದರು.

"ಏನ್ ಟೀಚರಮ್ಮ, ಭಾನುವಾರ ಮೆಟ್ಲು ಮೇಲೆ ನಿಮ್ಮ ನಗು ಕೇಳ್ಸಲ್ಲ. ನಿಮ್ ಫ್ರೆಂಡು ಹುಷಾರಾಗಿದಾರಲ್ವಾ?"

ಅಲ್ಲಿಯೇ ಕೂತು ಎಲ್ಲವನ್ನೂ ಹೇಳಿದೆ. ಸುಣ್ಣದ ವಿಷಯ ಹೇಳಬಾರದೆಂದಿದ್ದೆ. ಅದನ್ನು ಬಿಟ್ಟರೆ ಕಥೆ ನಿಲ್ಲುತ್ತಿರಲಿಲ್ಲ, ಅದೂ ಬಂದುಬಿಟ್ಟಿತು.

ಅವರ ಮುಖ ಕಪ್ಪಾಯಿತು. "ನಾನು ಸಾಯ್ಸಿದ್ನಾ?"

"ನೀರೂ ಕಾರಣ, ಬಿಸಿಲೂ ಕಾರಣ..."

"ಸುತ್ತಿ ಬಳಸಿ ಹೇಳ್ಬೇಡಿ. ಹೂವಿನ ತೋಟದಲ್ಲಿ ಬಾಳಾಟ ಮಾಡ್ದೋಳು ನಾನು. ನಮ್ ಕನಕಾಂಬರಕ್ಕೆ ಬುಟ್ಟಿಗಟ್ಲೆ ಸುಣ್ಣ ಸುರಿದಿದೀವಿ, ಒಂದು ಕಡ್ಡಿ ಸತ್ತಿಲ್ಲ." ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತು, "ಅವತ್ತೇ ಬೈಯೋದಲ್ವಾ? ಥ್ಯಾಂಕ್ಯೂ ಅಂದ್ರಿ. ಬೈದಿದ್ರೆ ಅವತ್ತೇ ತೊಳೀತಿದ್ದೆ. ಬೇರಿಗೆ ಇಳಿಯೋ ಮೊದ್ಲು" ಎಂದರು.

ಅದು ನಿಜ. ಇಬ್ಬರಿಗೂ ನಾನು ಮಾಡಿದ್ದು ಒಂದೇ. ಒಬ್ಬರ ಮನಸ್ಸು ನೋಯಬಾರದೆಂದು ಸುಮ್ಮನಿದ್ದೆ, ಇನ್ನೊಬ್ಬಳ ಮನಸ್ಸು ನೋಯಬಾರದೆಂದು ಮಾತಾಡಿದೆ. ಒಳ್ಳೆಯ ನಡತೆ ಎಂದು ಕಾನ್ವೆಂಟಿನಲ್ಲಿ ನನಗೆ ಬಹುಮಾನ ಕೊಟ್ಟಿದ್ದರು.

ಮೂರು ದಿನ ಅವರು ಟೆರೇಸಿನ ಕಡೆ ಬರಲಿಲ್ಲ. ನಾಲ್ಕನೆಯ ದಿನ ಬಂದು ಡಬ್ಬದ ಗಿಡದ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. ಹನ್ನೆರಡು ಎಲೆ ಇದ್ದವು. ಎರಡು ಆಗಲೇ ಹಳದಿ.

"ಈ ಬಿಸಿಲುಗಾಲ ದಾಟಲ್ಲ ಇದು. ವಾಪಸ್ ಕಳಿಸ್ಬಿಡಿ."

"ಅದೊಂದೇ ನನಗೆ ಉಳಿದಿರೋದು."

"ನಿಮಗೆ ಉಳಿದಿದೆ. ಅದು ಉಳಿಯಲ್ಲ. ಎಲ್ಲಿ ಹಾಕಿದ್ರೂ ಬೇರು ಬಿಡೋಕೆ ಗಿಡ ಏನ್ ಹೆಣ್ಮಗಳಾ ಟೀಚರಮ್ಮ?"

ಇಡೀ ವಾರ ಕಳಿಸಲಿಲ್ಲ. ಬೆಳಿಗ್ಗೆ ಹೋಗಿ ಎಲೆ ಎಣಿಸುತ್ತಿದ್ದೆ. ಒಂಬತ್ತಕ್ಕೆ ಇಳಿದ ದಿನ ಅವರ ಬಾಗಿಲು ತಟ್ಟಿದೆ.

ಶಿವಾಜಿನಗರದ ಮಾರ್ಕೆಟ್ಟಿಗೆ ಪ್ರತಿ ಬೆಳಗ್ಗೆ ಬೆಟ್ಟದಿಂದ ಕ್ಯಾರೆಟ್ಟು, ಬೀಟ್‌ರೂಟು, ಎಲೆಕೋಸು ಬರುತ್ತದೆ. ತಂದ ಗಾಡಿ ಖಾಲಿಯಾಗಿ ಹಿಂದಿರುಗುತ್ತದೆ. ಹೂವಿನ ಕಾಲದಿಂದ ಮುನಿರತ್ನಮ್ಮನಿಗೆ ಅಲ್ಲಿ ಪರಿಚಯ. ಡಬ್ಬವನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿ, ಇಬ್ಬರೂ ಆಟೋದಲ್ಲಿ ಹೋದೆವು. ಇಡೀ ದಾರಿ ಅದು ನನ್ನ ಮಡಿಲಲ್ಲಿತ್ತು. ಟಿನ್ ಫ್ಯಾಕ್ಟರಿ ದಾಟಿ, ಹಲಸೂರು ದಾಟಿ, ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ. ಇನ್ನೊಂದು ಎಲೆ ಉದುರಿತು.

ಡ್ರೈವರ್ ಮಾದೇಶ, ಗುಂಡ್ಲುಪೇಟೆ ಕಡೆಯ ಹುರಿಮೀಸೆಯ ಮನುಷ್ಯ, ಕ್ರೇಟುಗಳನ್ನು ಜೋಡಿಸುತ್ತಿದ್ದ. ಗೋಣಿ ಬಿಡಿಸಿ ನೋಡಿ, "ಇದ್ಯಾನವ್ವ, ಒಣಗೋಗದಲ್ಲ?" ಎಂದ. ಅಷ್ಟರಲ್ಲಿ ಮುನಿರತ್ನಮ್ಮ ಬಾಯಿ ಹಾಕಿದರು.

"ಒಣಗಿಲ್ಲ ಕಣಪ್ಪ, ಕಾಯಿಲೆ ಬಿದ್ದದೆ. ನೀನು ಸೀಟ್ ಮೇಲೆ ಇಟ್ಕೊಂಡು ಹೋಗ್ಬೇಕು, ಹಿಂದೆ ಎಸೆದ್ರೆ ನೋ‌ಡು!"

"ಸೀಟು ಖಾಲಿನೇ ಅದೆ. ಅವ್ವಾರೂ ಹತ್ಲಿ, ಬುಟ್ಟು ಬತ್ತೀನಿ" ಎಂದು ಅವನು ಬಾಗಿಲು ತೆರೆದು ಹಿಡಿದ.

ಸುಮ್ಮನೆ ಹೇಳಿದ ಮಾತು. ನಾನು ಗಾಡಿಯ ಮೆಟ್ಟಿಲ ಮೇಲೆ ಕಾಲಿಟ್ಟುಬಿಟ್ಟಿದ್ದೆ. ಕ್ಯಾಬಿನ್ನಿನೊಳಗೆ ಕ್ಯಾರೆಟ್ಟಿನ ಹಸಿಮಣ್ಣಿನ ವಾಸನೆ, ಬೆಟ್ಟದ ಕಪ್ಪು ಮಣ್ಣು. ಎಲ್ಲಿಗೆ ಹೋಗಿ ಇಳಿಯಲಿ? ಕಾಟೇಜಿನಲ್ಲಿ ಈಗ ಟೂರಿಸ್ಟುಗಳು ಕಾಫಿ ಕುಡಿಯುತ್ತಾರೆ. ಆಶ್ರಮದಲ್ಲಿ ಬೆಡ್ ಇಲ್ಲ, ಬೆಡ್ಡಿನಲ್ಲಿ ಇರುವವಳಿಗೆ ನನ್ನ ದನಿ ಬೇಡ. ಕಾಲು ಕೆಳಗೆ ತೆಗೆದೆ.

"ಸರಿ, ಅಡ್ರೆಸ್ ಬರ್ಕೊಡಿ. ಫ್ರಮ್ಮು, ಟೂ, ಎರಡೂ ಬೇಕು. ಚೆಕ್‌ಪೋಸ್ಟಲ್ಲಿ ಕೇಳ್ತಾರೆ" ಎಂದು ಮಾರ್ಕರ್ ಪೆನ್ನು, ರಟ್ಟಿನ ತುಂಡು ಕೊಟ್ಟ.

ಟೀಚರ್ ಅಕ್ಷರದಲ್ಲಿ ದುಂಡಗೆ ಬರೆದೆ. ಅವನು ರಟ್ಟನ್ನು ಬೆಳಕಿಗೆ ಹಿಡಿದು ಓದಿದ. ಮತ್ತೊಮ್ಮೆ ಓದಿದ. ಆಮೇಲೆ ಮುನಿರತ್ನಮ್ಮನಿಗೆ ತೋರಿಸಿ ನಗಲು ಶುರುಮಾಡಿದ.

"ಇದ್ಯಾನ ನಮ್ಮವ್ವ, ಎಲ್ಡೂ ಕೂನೂರೇ ಅದಲ್ಲ! ಕೂನೂರಿಂದ ಕೂನೂರ್‌ಗ ನಾನ್ಯಾಕ ಹೊತ್ಕೊಂಡೋಗ್ಲಿ?"

ಟೂ ಎಂಬಲ್ಲಿ ಆಶ್ರಮ. ಫ್ರಮ್ ಎಂಬಲ್ಲಿ ನನ್ನ ಹೆಸರು, ಅದರ ಕೆಳಗೆ ಕಾಟೇಜು, ರಸ್ತೆ, ಪಿನ್‌ಕೋಡ್ ಸಮೇತ. ಕೈ ತಾನೇ ಬರೆದುಕೊಂಡು ಹೋಗಿತ್ತು. ಯಾರೂ ತೆಗೆದುಕೊಳ್ಳದಿದ್ದರೆ ಗಿಡ ವಾಪಸ್ಸು ಹೋಗಬೇಕಾದ ವಿಳಾಸ ಅದು. ಹೊಡೆದುಹಾಕಿದೆ. ಕೆ.ಆರ್. ಪುರದ್ದು ಬರೆಯಹೋದರೆ ಡೋರ್ ನಂಬರು ನೆನಪಾಗಲಿಲ್ಲ, ಹದಿಮೂರು ತಿಂಗಳು ಇದ್ದ ಮನೆಯದು. ಮುನಿರತ್ನಮ್ಮ ಒಂದೊಂದೇ ಅಂಕಿ ಹೇಳಿದರು. ಹೇಳಿಸಿಕೊಂಡು ಬರೆದೆ.

ಅದು ಫೆಬ್ರವರಿ. ಇದನ್ನು ಬರೆಯುವಾಗ ಏಪ್ರಿಲ್. ಗಿಡ ತಲುಪಿತು ಎಂದು ಸಿಸ್ಟರ್ ಫೋನು ಮಾಡಿ ತಿಳಿಸಿದರು. ಅಡುಗೆಮನೆಯ ಹಿಂದೆ, ಸೈಪ್ರೆಸ್ ಮರದ ನೆರಳಲ್ಲಿ ನೆಟ್ಟಿದ್ದಾರೆ. ಥೆಲ್ಮಾ ವೀಲ್‌ಚೇರಿನಲ್ಲಿ ಹೋಗಿ ನೋಡಿ, "ತುಂಬಾ ಆಳಕ್ಕೆ ನೆಟ್ಟಿದೀರಾ, ಮೇಲೆತ್ತಿ" ಎಂದು ಬೈದು ಒಳಗೆ ಹೋದಳಂತೆ. ಯಾರು ಕಳಿಸಿದರೆಂದು ಕೇಳಲಿಲ್ಲವಂತೆ. ರಟ್ಟು ಇನ್ನೂ ಗೋಣಿಗೆ ಅಂಟಿಕೊಂಡೇ ಇತ್ತು, ಓದಿರುತ್ತಾಳೆ. ಭಾನುವಾರ ನಾಲ್ಕಕ್ಕೆ ಫೋನು ಬರುವುದಿಲ್ಲ. ಆ ಹೊತ್ತಿಗೆ ಈಗ ಮುನಿರತ್ನಮ್ಮ ಕರೆದು ಟೀ ಕೊಡುತ್ತಾರೆ.

ಬೆಟ್ಟದ ಮೇಲಿರುವ ನಿಮ್ಮಲ್ಲಿ ನನ್ನದೊಂದು ಕೋರಿಕೆ. ಜೂನಿನ ಎರಡನೇ ವಾರದಲ್ಲಿ ಆಶ್ರಮದ ಕಡೆ ಹೋಗುವವರಿದ್ದರೆ ಅಡುಗೆಮನೆಯ ಹಿಂದೆ ಬಗ್ಗಿ ನೋಡಿ. ಥೆಲ್ಮಾಳಿಗೆ ನನ್ನ ಹೆಸರು ಹೇಳಬೇಡಿ. ಹೂವಿದ್ದರೆ ಬರೆಯಿರಿ. ಎಲೆ ಮಾತ್ರ ಇದ್ದರೆ ಎಷ್ಟು ಎಂದು ಬರೆಯಿರಿ. ಒಣಗಿದ್ದರೆ ಒಣಗಿದೆ ಎಂದೇ ಬರೆಯಿರಿ, ನನ್ನ ಮನಸ್ಸಿಗೆ ಏನಾಗುತ್ತದೋ ಎಂದು ನೋಡಬೇಡಿ. ನಮ್ಮ ಸಂಘದ ರಿಜಿಸ್ಟರಿನಲ್ಲಿ ನನ್ನ ಕೂನೂರಿನ ವಿಳಾಸವೇ ಇನ್ನೂ ಇದೆ. ಅದನ್ನು ಹೊಡೆದು ಹಾಕಿ ಕೆ.ಆರ್. ಪುರದ್ದು ಬರೆದುಕೊಳ್ಳಿ ಎಂದು ಸೆಕ್ರೆಟರಿಯವರಿಗೆ ಈ ಲೇಖನದ ಜೊತೆಯಲ್ಲೇ ಚೀಟಿ ಇಟ್ಟಿದ್ದೇನೆ. ಪೆನ್ಸಿಲಿನಲ್ಲಿ ಬರೆದರೆ ಸಾಕು.